ಮಡ್ಡಿಯಲ್ಲಿ ಚಿಂಕಾರ

ಬೆಳಗಿನ ನಾಲ್ಕೂವರೆ. ವಿಜಯಪುರದ ಸಿದ್ಧೇಶ್ವರ ಗುಡಿಯ ಮುಂದೆ ಎರಡು ಕ್ರೂಸರ್ ಗಾಡಿಗಳು ನಿಂತಿದ್ದವು. ಸಂಕ್ರಮಣದ ಜಾತ್ರೆಗೆ ಇನ್ನೂ ಮೂರು ವಾರವಿತ್ತು. ಹಾಲಿನವನ ಗಾಡಿ ಬಿಟ್ಟರೆ ರಸ್ತೆಯಲ್ಲಿ ಸದ್ದಿಲ್ಲ. ಹನ್ನೆರಡು ಮಕ್ಕಳು, ಮಫ್ಲರ್ ಸುತ್ತಿಕೊಂಡ ಐವರು ಪಾಲಕರು, ಒಬ್ಬೊಬ್ಬರ ಕೈಯಲ್ಲೂ ಬುತ್ತಿಯ ಗಂಟು. ಆಗಷ್ಟೇ ಒಲೆ ಹಚ್ಚುತ್ತಿದ್ದ ಚಹಾದ ಅಂಗಡಿಯವ, "ಯಾವ ದೇವರಿಗೆ ಹೊಂಟೀರಿ ಸರ್ರ?" ಎಂದು ಕೇಳಿದ. ಚಿಗರಿ ನೋಡಲು ಎಂದೆ. ಆತ ನಂಬಿದಂತೆ ಕಾಣಲಿಲ್ಲ.

ಈ ಪ್ರವಾಸಕ್ಕೆ ಕಾರಣ ಒಂದು ನಗು. ನಾನು ವಿಜ್ಞಾನ ಕಲಿಸುವ ಮೇಷ್ಟ್ರು. ಒಂದು ದಿನ ತರಗತಿಯಲ್ಲಿ ಮಕ್ಕಳಿಗೆ ಕೀನ್ಯಾದ ಮಸಾಯಿ ಮಾರಾದ ಚಿತ್ರ ತೋರಿಸಿದ್ದೆ. ಸಿಂಹ, ಆನೆ, ಜಿರಾಫೆ, ನದಿ ದಾಟುವ ವಿಲ್ಡೆಬೀಸ್ಟ್‌ಗಳ ಹಿಂಡು. ಚಿತ್ರ ಮುಗಿದ ಮೇಲೆ ಒಬ್ಬ ಹುಡುಗ ಎದ್ದು ನಿಂತು, "ಸರ್, ನಮ್ಮ ಕಡೆ ನೋಡೂವಂಥಾ ಪ್ರಾಣಿ ಏನದಾವ್ರಿ?" ಎಂದ. ಹಿಂದಿನ ಬೆಂಚಿನಿಂದ "ಹಂದಿ, ನಾಯಿ" ಎಂಬ ಉತ್ತರ ಬಂತು. ಇಡೀ ತರಗತಿ ನಕ್ಕಿತು. ಗೋಳಗುಮ್ಮಟ, ಬಾರಾಕಮಾನು, ಇಬ್ರಾಹಿಂ ರೋಜಾ ಎಂದರೆ ಎದೆಯುಬ್ಬಿಸುವ ಈ ಮಕ್ಕಳಿಗೆ ಊರಿನಾಚೆಯ ನೆಲದಲ್ಲಿ ಹೆಮ್ಮೆಪಡುವಂಥದ್ದೇನೂ ಇಲ್ಲವೆಂದು ಯಾರು ಹೇಳಿಕೊಟ್ಟರು? ನಾವೇ ಇರಬೇಕು.

ಅದಕ್ಕೇ ಹೊರಟದ್ದು ಯಡಹಳ್ಳಿಗೆ. ಕೃಷ್ಣೆಯ ಆಚೆ ದಂಡೆಗೆ, ಬಾಗಲಕೋಟೆ ಜಿಲ್ಲೆಯ ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳಲ್ಲಿ ಹಬ್ಬಿರುವ ಕುರುಚಲು ಕಾಡು ಅದು. ಸುಮಾರು 96 ಚದರ ಕಿಲೋಮೀಟರಿನ ಈ ಪ್ರದೇಶವನ್ನು 2016ರಲ್ಲಿ ಚಿಂಕಾರ ವನ್ಯಧಾಮವೆಂದು ಘೋಷಿಸಲಾಯಿತು. ಚಿಂಕಾರಕ್ಕೆಂದೇ ಮೀಸಲಾದ ರಾಜ್ಯದ ಮೊದಲ ಧಾಮ. 2019ರಲ್ಲಿ ತುಮಕೂರು ಜಿಲ್ಲೆಯ ಬುಕ್ಕಾಪಟ್ಟಣಕ್ಕೂ ಆ ಮಾನ್ಯತೆ ಸಿಕ್ಕಿತು. ಅಳತೆಯ ಮಾತಿಗೆ ಬಂದರೆ, ತಾಂಜಾನಿಯಾದ ಸೆರೆಂಗೆಟಿ ಉದ್ಯಾನದೊಳಗೆ ಇಂಥ ನೂರೈವತ್ತು ಯಡಹಳ್ಳಿಗಳು ಹಿಡಿಸುತ್ತವೆ. ಗಾಡಿಯಲ್ಲಿ ಕುಳಿತ ಕೂಡಲೇ ಇದನ್ನು ಮಕ್ಕಳಿಗೆ ಹೇಳಿಬಿಟ್ಟೆ. ಸಿಂಹ ಬರುತ್ತದೆಂದು ಕಾದು ಕುಳಿತರೆ ಕಷ್ಟ ನೋಡಿ.

ಸಾರವಾಡದ ಹತ್ತಿರ ಡೋಣಿ ನದಿ ದಾಟುವಾಗ ಇನ್ನೂ ಕತ್ತಲು. ಬಬಲೇಶ್ವರದಲ್ಲಿ ತಿಕೋಟಾದ ಅಕ್ಕ-ತಮ್ಮ ಇಬ್ಬರು ತಂದೆಯ ಮೋಟಾರ್ ಸೈಕಲ್ಲಿನಿಂದಿಳಿದು ನಮ್ಮನ್ನು ಕೂಡಿಕೊಂಡರು. ತಂದೆಗೆ ದ್ರಾಕ್ಷಿ ತೋಟ. ಮಕ್ಕಳನ್ನು ಬಿಟ್ಟು ಹೋಗಲು ಬಂದವರು ಗಾಡಿಯೊಳಗೆ ಒಂದು ಜಾಗ ಖಾಲಿ ಇದ್ದುದನ್ನು ಕಂಡು, ಮೋಟಾರ್ ಸೈಕಲ್ಲನ್ನು ಪರಿಚಯದವರ ಮನೆಯ ಮುಂದೆ ನಿಲ್ಲಿಸಿ, ತಾವೂ ಹತ್ತಿಬಿಟ್ಟರು. ಮಕ್ಕಳೆಲ್ಲ ಅವರನ್ನು ಕಾಕಾ ಎಂದು ಕರೆದದ್ದರಿಂದ ನಾನೂ ಇಲ್ಲಿ ಹಾಗೇ ಕರೆಯುತ್ತೇನೆ.

ಗಲಗಲಿಯ ಸೇತುವೆಯ ಮೇಲೆ ಬಂದಾಗ ಕೃಷ್ಣೆಯ ನೀರಿನ ಮೇಲೆ ಮಂಜು. ಆ ಮಂಜಿನೊಳಗೆ ಬೆಳ್ಳಕ್ಕಿಗಳ ಸಾಲು. ಎರಡೇ ನಿಮಿಷ ನಿಂತೆವು. ಹೊತ್ತೇರಿದರೆ ಚಿಂಕಾರ ಕಾಣುವುದಿಲ್ಲ ಎಂಬ ಅವಸರ.

ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ಪಡೆದಿದ್ದೆವು. ಕಾವಲು ಸಿಬ್ಬಂದಿಯೊಬ್ಬರು ನಮಗಾಗಿ ಕಾದಿದ್ದರು. ಕೆಂಪು ಸ್ವೆಟರ್ ಹಾಕಿಕೊಂಡಿದ್ದ ಇಬ್ಬರಿಗೆ ಅದನ್ನು ತೆಗೆಸಿದರು, ಮೊಬೈಲುಗಳ ಸದ್ದು ಬಂದ್ ಮಾಡಿಸಿದರು, ಚುರುಮುರಿಯ ಪೊಟ್ಟಣಗಳನ್ನು ಗಾಡಿಯಲ್ಲೇ ಇಡಿಸಿದರು. ಗಾಳಿ ಎದುರಿನಿಂದ ಬರುವಂತೆ ನೋಡಿಕೊಂಡು ಕಾಲುನಡಿಗೆಯಲ್ಲಿ ಕರೆದೊಯ್ದರು. ಕೆಂಪು ಮಣ್ಣು, ಮೊರಂ ಕಲ್ಲು, ಮೊಣಕಾಲೆತ್ತರದ ಒಣಹುಲ್ಲು, ಅಲ್ಲಲ್ಲಿ ಜಾಲಿ, ಬಾರಿ, ತಂಗಡಿಕೆಯ ಗಿಡ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಶುದ್ಧ ಮಡ್ಡಿ.

ಮೊದಲ ಒಂದು ತಾಸು ಕಂಡದ್ದು ಹಿಕ್ಕೆ ಮಾತ್ರ! ಚಿಂಕಾರ ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದು ಹಿಕ್ಕೆ ಹಾಕುತ್ತದೆ. ಅದು ಅದರ ಗುರುತಿನ ಚೀಟಿ. ಕಾವಲುಗಾರರು ಅದನ್ನು ತೋರಿಸಿದಾಗ ಮಕ್ಕಳು ಮೂಗು ಮುಚ್ಚಿಕೊಂಡು ಬಗ್ಗಿ ನೋಡಿದರು. ಗೌಜಲಕ್ಕಿಗಳ ಜೋಡಿಯೊಂದು ಕಾಲಬುಡದಿಂದಲೇ ಬುರ್ರನೆ ಹಾರಿ ಎಲ್ಲರ ಎದೆ ಝಲ್ಲೆನ್ನಿಸಿತು. ದೂರದ ದಿಬ್ಬದಲ್ಲಿ ನವಿಲು. ಪಾಲಕರೊಬ್ಬರು ಗಡಿಯಾರ ನೋಡಿಕೊಳ್ಳತೊಡಗಿದರು. ನನಗೆ ಒಳಗೊಳಗೇ ಭಯ. ಏನೂ ಕಾಣದೆ ತಿರುಗಿ ಹೋದರೆ ಹಿಂದಿನ ಬೆಂಚಿನ ಉತ್ತರವೇ ಗೆದ್ದಂತಾಗುತ್ತಿತ್ತು.

ಮೊದಲು ಕಂಡವರು ಕಾವಲುಗಾರರಲ್ಲ, ದುರ್ಬೀನು ಹಿಡಿದ ನಾನೂ ಅಲ್ಲ. ಕಾಕಾ. ಹೆಗಲ ಮೇಲಿನ ಟವೆಲ್ಲನ್ನು ಸರಿಪಡಿಸಿಕೊಳ್ಳುತ್ತಿದ್ದವರು ಹಾಗೇ ನಿಂತುಬಿಟ್ಟರು. ಬೆರಳು ಕೂಡ ಎತ್ತಲಿಲ್ಲ, ಗದ್ದದಿಂದ ತೋರಿಸಿದರು. "ಆ ಬಾರಿ ಕಂಟಿ ಎಡಕ್ಕ. ಮೂರದಾವು."

ಹುಲ್ಲಿನ ಬಣ್ಣದ ಮೈ, ಬಿಳಿ ಹೊಟ್ಟೆ, ಮುಖದ ಎರಡೂ ಬದಿಗೆ ಕಣ್ಣಿನಿಂದ ಮೂಗಿನವರೆಗೆ ಇಳಿದ ಗೆರೆ. ಭುಜದ ಎತ್ತರ ಎರಡಡಿಗಿಂತ ಸ್ವಲ್ಪ ಹೆಚ್ಚು. ಒಂದು ಬೆಳೆದ ಆಡಿನಷ್ಟು ತೂಕ. ಗಂಡಿನ ಕೊಂಬಿಗೆ ಉಂಗುರ ತೊಡಿಸಿದಂತೆ ಸುತ್ತುಗಳು. ಕೃಷ್ಣಮೃಗದ ಹೆಣ್ಣಿಗೆ ಸಾಮಾನ್ಯವಾಗಿ ಕೊಂಬಿರುವುದಿಲ್ಲ. ಚಿಂಕಾರದ ಹೆಣ್ಣಿಗೆ ಸಣ್ಣದಾದರೂ ಇರುತ್ತದೆ. ಮೂರೂ ಕಿವಿ ನಮ್ಮತ್ತ ತಿರುಗಿಸಿ ನಿಂತವು. ಕಪ್ಪು ಬಾಲ ಮಾತ್ರ ಒಂದೇ ಸಮನೆ ಅಲ್ಲಾಡುತ್ತಿತ್ತು. ಒಂದು ಮುಂಗಾಲನ್ನು ನೆಲಕ್ಕೆ ಕುಟ್ಟಿ ಸೀನಿದಂಥ ಸದ್ದು ಮಾಡಿತು. ಅಷ್ಟೇ. ಮರುಕ್ಷಣ ಮೂರೂ ಇಲ್ಲ. ಅರ್ಧ ನಿಮಿಷವೂ ಆಗಿರಲಿಕ್ಕಿಲ್ಲ.

"ಓಡಿದ್ದು ನೋಡಿದ್ರೇನ?" ಎಂದು ಕಾವಲುಗಾರರು ಕೇಳಿದರು. ಆ ಓಟದ ಹಿಂದೆ ಒಂದು ಕಥೆ ಇದೆ. ಚಿಂಕಾರ ಗೆಜೆಲ್ ಜಾತಿಯ ಪ್ರಾಣಿ. ಮಸಾಯಿ ಮಾರಾದ ಚಿತ್ರದಲ್ಲಿ ಚೀತಾದ ಮುಂದೆ ಓಡುತ್ತಿತ್ತಲ್ಲ, ಆ ಥಾಮ್ಸನ್ ಗೆಜೆಲ್‌ನ ಹತ್ತಿರದ ಬಂಧು. ನಮ್ಮ ದೇಶದಲ್ಲೂ ಚೀತಾ ಇತ್ತು. ಭಾರತದಲ್ಲಿ ಚೀತಾ ನಶಿಸಿದೆ ಎಂದು 1952ರಲ್ಲಿ ಸಾರಲಾಯಿತು. 2022ರಲ್ಲಿ ನಮೀಬಿಯಾದಿಂದ ಎಂಟು ಚೀತಾಗಳನ್ನು ಮಧ್ಯಪ್ರದೇಶದ ಕುನೋಗೆ ತಂದುಬಿಟ್ಟದ್ದನ್ನು ಮಕ್ಕಳು ಟೀವಿಯಲ್ಲಿ ನೋಡಿದ್ದಾರೆ. ಯಡಹಳ್ಳಿಯ ಚಿಂಕಾರವನ್ನು ಅಟ್ಟಿಸಿಕೊಂಡು ಬರಲು ಇಂದು ಚೀತಾ ಇಲ್ಲ. ಕಾಲಿನ ವೇಗ ಮಾತ್ರ ಹಾಗೇ ಉಳಿದಿದೆ. ಈಗ ಅದನ್ನು ಅಟ್ಟುವುದು ನಾಯಿಗಳು. ಮುಧೋಳ ಇಲ್ಲಿಂದ ದೂರವಿಲ್ಲ. ಘೋರ್ಪಡೆ ಅರಸರು ಬೆಳೆಸಿದ, 2005ರಲ್ಲಿ ಅಂಚೆಚೀಟಿಯ ಮೇಲೂ ಬಂದ ಮುಧೋಳ ನಾಯಿ ಮೂಲತಃ ಬೇಟೆಯದೇ. ಆ ತಳಿಯ ಬಗ್ಗೆ ನನಗೂ ಅಭಿಮಾನವಿದೆ, ಆದರೆ ಅದರ ಜಾಗ ಇದಲ್ಲ. ಯಾರದೂ ಅಲ್ಲದ ಬೀದಿನಾಯಿಗಳ ಗುಂಪಂತೂ ಮರಿಗಳಿಗೆ ದೊಡ್ಡ ಗಂಡಾಂತರ. 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಪರಿಚ್ಛೇದದಲ್ಲಿ ಹುಲಿ, ಆನೆಗಳ ಜೊತೆ ಚಿಂಕಾರವೂ ಇದೆ. ನಾಯಿಗೆ ಕಾಯ್ದೆ ಓದಲು ಬರುವುದಿಲ್ಲ.

ಹನ್ನೊಂದರ ಹೊತ್ತಿಗೆ ಬಿಸಿಲು ಏರಿತು. ಚಿಂಕಾರಗಳು ಇನ್ನು ನೆರಳು ಹಿಡಿದವೆಂದು ನಾವೂ ಹೊರಗೆ ಬಂದು ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದೆವು. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ತಿನ್ನುತ್ತಲೇ ಒಬ್ಬ ಹುಡುಗಿ ಒಳ್ಳೆಯ ಮನಸ್ಸಿನಿಂದ, "ಸರ್, ಮುಂದಿನ ಸಲ ಬರುವಾಗ ಸಸಿ ತಂದು ಇಲ್ಲೆಲ್ಲ ಹಚ್ಚೂಣ್ರಿ, ಎಷ್ಟ ಬೋಳ ಐತಿ" ಎಂದಳು. 2016ರಲ್ಲಿ ಶುರುವಾದ ಕೋಟಿ ವೃಕ್ಷ ಅಭಿಯಾನದಲ್ಲಿ ಗಿಡ ನೆಟ್ಟ ಜಿಲ್ಲೆಯವರು ನಾವು. ನಾನೂ ನೆಟ್ಟಿದ್ದೇನೆ, ವಿಜಯಪುರಕ್ಕೆ ಅದು ಬೇಕಿತ್ತು. ಕಾವಲುಗಾರರು ನಗುತ್ತ, "ಗಿಡ ದಟ್ಟ ಆತಂದ್ರ ಚಿಗರಿ ಇಲ್ಲಿ ನಿಲ್ಲಂಗಿಲ್ಲವ್ವ. ಅದಕ್ಕ ದೂರ ಕಾಣಬೇಕು, ಓಡಾಕ ಬಯಲ ಬೇಕು" ಎಂದರು. ಹುಡುಗಿ ನನ್ನ ಮುಖ ನೋಡಿದಳು. ಹೌದು ಎಂದೆ. ಸೆರೆಂಗೆಟಿಯ ಹುಲ್ಲುಬಯಲಿನ ತೆಂಕಣ ಭಾಗದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 500 ಮಿಲಿಮೀಟರ್. ನಮ್ಮಲ್ಲೂ ಹೆಚ್ಚುಕಡಿಮೆ ಅದೇ ಲೆಕ್ಕ. ಅಲ್ಲಿಯದನ್ನು ನೋಡಲು ಜಗತ್ತು ವಿಮಾನ ಹತ್ತಿ ಹೋಗುತ್ತದೆ. ಇಲ್ಲಿಯದನ್ನು ನಾವು ಬೋಳು ಎನ್ನುತ್ತೇವೆ.

ನಮ್ಮ ಪಹಣಿಯಲ್ಲಿ ಇಂಥ ನೆಲಕ್ಕೆ 'ಖರಾಬು' ಎಂದು ಬರೆದಿರುತ್ತದೆ. ಕೆಟ್ಟದ್ದು ಎಂದರ್ಥ. ಆಫ್ರಿಕಾದವರ 'ಸಫಾರಿ' ಎಂಬ ಸ್ವಾಹಿಲಿ ಶಬ್ದಕ್ಕೂ ನಮ್ಮ ಊರಿನ ಉರ್ದು ಮಾತಿನ 'ಸಫರ್'ಗೂ ಅರಬ್ಬಿಯೇ ಮೂಲ, 'ಖರಾಬ್'ಗೂ ಅದೇ. ಒಂದೇ ಭಾಷೆಯಿಂದ ಅವರಿಗೊಂದು ಶಬ್ದ ಸಿಕ್ಕಿತು, ನಮಗೊಂದು.

ಊಟದ ಮೇಲೆ ಕಾಕಾ ಎಲೆ-ಅಡಿಕೆ ಹಾಕಿಕೊಂಡು ಮಾತಿಗೆ ಕೂತರು. ಮೂರನ್ನೂ ಅಷ್ಟು ಬೇಗ ಹೇಗೆ ಕಂಡಿರಿ ಎಂದು ಮಕ್ಕಳು ಮುತ್ತಿಕೊಂಡಿದ್ದರು. "ಸಣ್ಣವ ಇದ್ದಾಗ ನಮ್ಮ ಮಡ್ಡ್ಯಾಗ ದನ ಕಾಯ್ತಿದ್ದೆ. ಚಿಗರಿ ನೋಡೂದು ಬಿಟ್ರ ಬ್ಯಾರೆ ಕೆಲಸ ಏನಿತ್ತು? ಹಿಂಡ ಹಿಂಡ ಬರ್ತಿದ್ದವು. ನಾವು ಎಲ್ಲಾಕ್ಕೂ ಚಿಗರಿನ ಅಂತಿದ್ವಿ, ಕರೇದು ಬ್ಯಾರೆ, ಇದು ಬ್ಯಾರೆ ಅನ್ನೂದು ಗೊತ್ತಿರಲಿಲ್ಲ." ಹುಬ್ಬಳ್ಳಿ-ಧಾರವಾಡದ ನಡುವೆ 2018ರಲ್ಲಿ ಓಡಾಟ ಶುರು ಮಾಡಿದ ಬಸ್ಸಿಗೂ ಅದೇ ಹೆಸರಿಟ್ಟಿದ್ದಾರಲ್ಲ ಎಂದು ಒಬ್ಬ ಹುಡುಗ ನೆನಪಿಸಿದ. ಎಲ್ಲರೂ ನಕ್ಕರು.

"ಈಗ ನಿಮ್ಮ ಮಡ್ಡ್ಯಾಗ ಅದಾವೇನ್ರಿ ಕಾಕಾ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಮೊದಲು ಬೋರು, ಆಮೇಲೆ ಮಡ್ಡಿ ಸಪಾಟು ಮಾಡಿಸಿದ್ದು, ದ್ರಾಕ್ಷಿ ಹಚ್ಚಿದ್ದು, ಬರ ಬಿದ್ದ ವರ್ಷ ಟ್ಯಾಂಕರಿನಿಂದ ನೀರು ಹಾಕಿ ಬಳ್ಳಿ ಉಳಿಸಿಕೊಂಡದ್ದು, ಒಣದ್ರಾಕ್ಷಿ ಮಾರಿ ಮಕ್ಕಳನ್ನು ಪ್ಯಾಟಿ ಸಾಲಿಗೆ ಹಾಕಿದ್ದು ಎಲ್ಲ ಹೇಳಿದರು. ಯಾರನ್ನೂ ದೂರಲಿಲ್ಲ, ತಮ್ಮನ್ನೂ ಸಹ. ಅವರ ಮಾತಿಗೆ ಎದುರಾಡುವುದು ಸಂಬಳದ ಮೇಷ್ಟ್ರಾದ ನನ್ನಿಂದ ಆಗಲಿಲ್ಲ. ಆ ನೆಲ ಚಿಗರಿಗೇ ಇರಲಿ ಎಂದು ಬಿಟ್ಟಿದ್ದರೆ, ಪುಸ್ತಕದಲ್ಲಿ ಹಿಕ್ಕೆಯ ಚಿತ್ರ ಬಿಡಿಸುತ್ತಿದ್ದ ಅವರ ಮಗಳು ಈ ಪ್ರವಾಸಕ್ಕೆ ಬರುತ್ತಿರಲಿಲ್ಲ.

ತಿರುಗಿ ಬರುವಾಗ ಮಮದಾಪುರದ ಕೆರೆಯ ಏರಿಯ ಮೇಲೆ ಸಂಜೆ ಕಳೆದೆವು. ಗೋಳಗುಮ್ಮಟದಲ್ಲಿ ಮಲಗಿರುವ ಮುಹಮ್ಮದ್ ಆದಿಲ್‌ಶಾಹನೇ ಕಟ್ಟಿಸಿದ ಕೆರೆ. ಊರಿಗೂ ಅವನದೇ ಹೆಸರು. ಅವನ ದರ್ಬಾರಿನಲ್ಲಿ ಆಫ್ರಿಕಾ ಮೂಲದ ಹಬಶಿ ಇಖಲಾಸ್ ಖಾನ್ ಬಹುದೊಡ್ಡ ಅಧಿಕಾರದಲ್ಲಿದ್ದ ಎಂದಾಗ, ಆಫ್ರಿಕಾಕ್ಕೆ ಹೋಗಲೇಬೇಕೆಂದಿದ್ದ ಹುಡುಗ ಕಿವಿ ನೆಟ್ಟಗೆ ಮಾಡಿದ. ನೀರಿನಲ್ಲಿ ಬಾತುಗಳಿದ್ದವು, ಆದರೆ ಅಂದು ಯಾರಿಗೂ ಹಕ್ಕಿಗಳ ಮೇಲೆ ಮನಸ್ಸಿರಲಿಲ್ಲ. ಮೂರಿದ್ದವೋ ನಾಲ್ಕಿದ್ದವೋ ಎಂಬ ಜಗಳ ಗಲಗಲಿಯಿಂದ ಶುರುವಾದದ್ದು ಇನ್ನೂ ಮುಗಿದಿರಲಿಲ್ಲ. ಬೆಳಿಗ್ಗೆ ಗಡಿಯಾರ ನೋಡಿಕೊಂಡಿದ್ದ ಪಾಲಕರು ನಾಲ್ಕರ ಪಕ್ಷ ವಹಿಸಿ ಗಟ್ಟಿಯಾಗಿ ವಾದಿಸುತ್ತಿದ್ದರು.

ಹೋಗಬಯಸುವವರು ಚಳಿಗಾಲದಲ್ಲಿ ಹೋಗಿ. ವಿಜಯಪುರದಿಂದ ಬಬಲೇಶ್ವರ, ಗಲಗಲಿ ಮಾರ್ಗವಾಗಿ ಸುಮಾರು ಎರಡು ತಾಸಿನ ದಾರಿ. ಅರಣ್ಯ ಇಲಾಖೆಯ ಅನುಮತಿ ಕಡ್ಡಾಯ. ಸೂರ್ಯ ಹುಟ್ಟುವ ಮೊದಲೇ ಅಲ್ಲಿರಬೇಕು, ಮಾಸಲು ಬಣ್ಣದ ಬಟ್ಟೆ ಉಟ್ಟಿರಬೇಕು.

ಬಬಲೇಶ್ವರ ತಲುಪಿದಾಗ ಏಳು ದಾಟಿತ್ತು. ಕಾಕಾ ಮೋಟಾರ್ ಸೈಕಲ್ ಚಾಲೂ ಮಾಡಿದರು. ಮಗ ಮುಂದೆ, ಮಗಳು ಹಿಂದೆ. ಹತ್ತುವಾಗ ಆಕೆ ಕೇಳಿದ್ದು ನನಗೆ ಕೇಳಿಸಿತು. "ಅಪ್ಪಾ, ಮ್ಯಾಲಿನ ಎರಡ ಎಕರೆ ಮಡ್ಡಿಗೆ ನಾಡದ ಜೇಸಿಬಿ ಬರ್ತೈತಲ್ಲ. ಅದೊಂದು ಹಂಗ ಇರ್ಲಿ ಬಿಡಪಾ."

"ಅಲ್ಲೆ ಏನೈತಿ ಈಗ? ಒಂದ ಮಲ ಸುದ್ದಾ ಇಲ್ಲ."

"ಬಂದ್ರ ಬರ್ತಾವು."

"ನೋಡೂಣಂತ ತಡಿ" ಎಂದ ಕಾಕಾ ನನ್ನ ಕಡೆ ಕೈಯೆತ್ತಿ, ತಿಕೋಟಾ ದಾರಿ ಹಿಡಿದರು.