ಸಿದ್ಧೇಶ್ವರ ಎಕ್ಸ್‌ಪ್ರೆಸ್ಸಿನ ರಾತ್ರಿಗಳು

ಮುಂಬಯಿಯಲ್ಲಿ ನೆಲೆಸಿರುವ ಸೊಲ್ಲಾಪುರ ಸೀಮೆಯ ಕನ್ನಡಿಗರಿಗೆ ಸಿದ್ಧೇಶ್ವರ ಎಕ್ಸ್‌ಪ್ರೆಸ್ಸನ್ನು ಪರಿಚಯಿಸಬೇಕಾದ ಅಗತ್ಯವಿಲ್ಲ. ರಾತ್ರಿ ಹತ್ತೂವರೆಯ ನಂತರ ಮುಂಬಯಿ ಬಿಡುವ ಈ ಗಾಡಿ 455 ಕಿಲೋಮೀಟರ್ ಕ್ರಮಿಸಿ ಬೆಳಗಿನ ಏಳರ ಹೊತ್ತಿಗೆ ಸೊಲ್ಲಾಪುರ ಸೇರುತ್ತದೆ. ಅದರ ಜೋಡಿ ಗಾಡಿ ಹೆಚ್ಚುಕಡಿಮೆ ಅದೇ ಹೊತ್ತಿಗೆ ಸೊಲ್ಲಾಪುರದಿಂದ ಮುಂಬಯಿಯತ್ತ ಹೊರಡುತ್ತದೆ. ನಡುರಾತ್ರಿ ಕಳೆದ ಮೇಲೆ ಎಲ್ಲಿಯೋ ಒಂದೆಡೆ ಎರಡೂ ಎದುರುಬದುರಾಗಿ ಹಾದುಹೋಗುತ್ತವೆ. ಆಗ ಎರಡರೊಳಗೂ ನಮ್ಮ ಜನ ಮಲಗಿರುತ್ತಾರೆ. ಇಪ್ಪತ್ತೊಂದು ವರ್ಷಗಳ ಕಾಲ ಆ ಮಲಗಿದವರಲ್ಲಿ ನಾನೂ ಒಬ್ಬನಾಗಿದ್ದೆ. ಆ ಗಾಡಿಯಿಂದ ನಾನು ಪಡೆದದ್ದೇನು, ಅದರ ಅನುಕೂಲಕ್ಕೆ ಮನಸೋತು ಕಳೆದುಕೊಂಡದ್ದೇನು ಎಂಬುದನ್ನು ಈ ಸಂಚಿಕೆಯ ಓದುಗರೊಡನೆ ಹಂಚಿಕೊಳ್ಳುವುದು ನನ್ನ ಉದ್ದೇಶ.

ನಾನು ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿಯವನು. ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಒಂದರಿಂದ ಇನ್ನೊಂದಕ್ಕೆ ದಾಟುವುದು ನಮಗೆ ಹೊಸ್ತಿಲು ದಾಟಿದಷ್ಟೇ ಸಹಜ. ಅಪ್ಪ ಕನ್ನಡ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದರು. 1950ರಲ್ಲಿ ಎಂ. ಆರ್. ಶ್ರೀನಿವಾಸಮೂರ್ತಿಯವರ ಅಧ್ಯಕ್ಷತೆಯಲ್ಲಿ ಸೊಲ್ಲಾಪುರದಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ, ಹದಿನಾಲ್ಕರ ಹುಡುಗನಾಗಿದ್ದ ಅವರು ತಮ್ಮ ಸೋದರಮಾವನ ಬೆನ್ನುಹತ್ತಿ ಹೋಗಿದ್ದರಂತೆ. ಆ ದಿನಗಳಲ್ಲಿ ಬೇಂದ್ರೆಯವರು ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಅಧ್ಯಾಪಕರು. ಆ ಪಯಣದಲ್ಲಿ ಅಪ್ಪನಿಗೆ ಎರಡು ಗೀಳು ಅಂಟಿಕೊಂಡವು: ಒಂದು ಕನ್ನಡದ್ದು, ಇನ್ನೊಂದು ರೈಲಿನದು.

ರೈಲ್ವೆಯ ವೇಳಾಪಟ್ಟಿಯ ಪುಸ್ತಕ ನಮ್ಮ ಮನೆಯಲ್ಲಿ ಪಂಚಾಂಗದ ಪಕ್ಕದಲ್ಲಿಯೇ ಇರುತ್ತಿತ್ತು. ಅಪ್ಪ ಅದರಿಂದ ಗಣಿತವನ್ನೂ ಇತಿಹಾಸವನ್ನೂ ಕಲಿಸುತ್ತಿದ್ದರು. 1853ರಲ್ಲಿ ಮುಂಬಯಿ–ಠಾಣೆಗಳ ನಡುವೆ ಮೊದಲ ರೈಲು ಓಡಿತು. 1858ರಲ್ಲಿ ಹಳಿ ಖಂಡಾಳಾದಿಂದ ಪುಣೆಯವರೆಗೆ ಬಂತು, 1860ರಲ್ಲಿ ಸೊಲ್ಲಾಪುರ ಮುಟ್ಟಿತು. ಆದರೆ ಭೋರ್ ಘಾಟಿನ ಹಳಿ ಸಿದ್ಧವಾದದ್ದು 1863ರಲ್ಲಿ. "ಹಂಗಾದರ ಆ ಮೂರು ವರ್ಷ ಮುಂಬಯಿಯಿಂದ ಸೊಲ್ಲಾಪುರಕ್ಕ ಬರಾವರು ಏನ್ ಮಾಡ್ತಿದ್ದರು?" ಎಂದು ಅಪ್ಪ ತರಗತಿಯನ್ನು ಕೇಳುತ್ತಿದ್ದರು. ಘಾಟಿನ ಬುಡದಲ್ಲಿ ಇಳಿದು, ಪಲ್ಲಕ್ಕಿಯಲ್ಲೋ ಕಾಲ್ನಡಿಗೆಯಲ್ಲೋ ಬೆಟ್ಟ ಹತ್ತಿ, ಮೇಲೆ ಮತ್ತೆ ರೈಲು ಹಿಡಿಯುತ್ತಿದ್ದರು ಎಂಬ ಉತ್ತರವನ್ನು ಅವರೇ ಸವಿದು ಹೇಳುತ್ತಿದ್ದರು. 1871ರಲ್ಲಿ ಈ ಹಳಿ ರಾಯಚೂರಿನಲ್ಲಿ ಮದ್ರಾಸಿನ ಕಡೆಯಿಂದ ಬಂದ ಹಳಿಯನ್ನು ಕೂಡಿಕೊಂಡಿತು. ಹೋಟಗಿ, ತಿಲಾಟಿ, ಅಕ್ಕಲಕೋಟ ರೋಡ್, ನಾಗಣಸೂರ, ಬೋರೋಟಿ, ದುಧನಿ ಎಂಬ ನಿಲ್ದಾಣಗಳ ಸಾಲನ್ನು ನಾವು ಮಗ್ಗಿಯಂತೆ ಬಾಯಿಪಾಠ ಮಾಡಿದ್ದೆವು. ನಿಲ್ದಾಣದ ಹೆಸರಿನಲ್ಲಿ 'ರೋಡ್' ಎಂದಿದ್ದರೆ ಊರು ಅಲ್ಲಿಲ್ಲ, ಊರಿಗೆ ಹೋಗುವ ರಸ್ತೆ ಮಾತ್ರ ಅಲ್ಲಿದೆ ಎಂದರ್ಥವೆಂಬುದನ್ನೂ ಅವರೇ ತಿಳಿಸಿದ್ದರು. ಅಕ್ಕಲಕೋಟಕ್ಕೆ ಹೋಗುವ ಯಾತ್ರಿಕರು ಅಲ್ಲಿಳಿದು ಇನ್ನೂ ಹತ್ತು-ಹನ್ನೊಂದು ಕಿಲೋಮೀಟರ್ ಹೋಗಬೇಕು.

1998ರಲ್ಲಿ ಕೆಲಸಕ್ಕೆಂದು ನಾನು ಮುಂಬಯಿಗೆ ಬಂದೆ. ವಿ.ಟಿ. ನಿಲ್ದಾಣದ ಹೆಸರು ಬದಲಾಗಿ ಎರಡು ವರ್ಷವಾಗಿದ್ದರೂ ಜನರ ಬಾಯಲ್ಲಿ ಅದಿನ್ನೂ ವಿ.ಟಿ.ಯೇ ಆಗಿತ್ತು. ಶನಿವಾರ ಕಚೇರಿ ಮುಗಿಸಿ, ಊಟ ಮಾಡಿ, ರಾತ್ರಿ ಸಿದ್ಧೇಶ್ವರ ಹತ್ತಿದರೆ ರವಿವಾರ ಬೆಳಿಗ್ಗೆ ಸೊಲ್ಲಾಪುರ. ಅಲ್ಲಿಂದ ಬಸ್ಸು ಹಿಡಿದು ಒಂಬತ್ತೂವರೆಗೆ ಮನೆಯ ಅಂಗಳ. ಸಂಜೆ ಏಳಕ್ಕೆ ಮತ್ತೆ ಬಸ್ಸು, ರಾತ್ರಿ ಮತ್ತೆ ಅದೇ ರೈಲು. ಸೋಮವಾರ ಬೆಳಿಗ್ಗೆ ಮುಂಬಯಿಯಲ್ಲಿಳಿದು, ಸ್ನಾನ ಮುಗಿಸಿ, ಹತ್ತಕ್ಕೆ ಕಚೇರಿಯಲ್ಲಿ ಹಾಜರು. ಒಂದು ದಿನದ ರಜೆಯೂ ಖರ್ಚಾಗುತ್ತಿರಲಿಲ್ಲ.

ಈ ಗಾಡಿಯ ವೇಳೆಯನ್ನು ಗೊತ್ತುಮಾಡಿದವರು ಮನುಷ್ಯನ ನಿದ್ದೆಯನ್ನು ಅಳೆದೇ ಗೊತ್ತುಮಾಡಿರಬೇಕು ಎಂದು ನನಗೆ ಅನ್ನಿಸುತ್ತಿತ್ತು. ಉಪನಗರ ರೈಲುಗಳ ಸಂಜೆಯ ನೂಕುನುಗ್ಗಲು ಇಳಿದ ಮೇಲೆ ಅದು ಹೊರಡುತ್ತದೆ. ಅಂಗಡಿ, ಕೋರ್ಟು, ಕಚೇರಿಗಳ ಬಾಗಿಲು ತೆರೆಯುವ ಮೊದಲೇ ತಲುಪುತ್ತದೆ. ಸುಮಾರು ಎಂಟು ತಾಸಿಗೆ 455 ಕಿಲೋಮೀಟರ್, ಅಂದರೆ ತಾಸಿಗೆ 57ರಷ್ಟು. ಅಪ್ಪನಿಗೆ ಈ ಲೆಕ್ಕ ಬಹಳ ಇಷ್ಟ. "ಇದಕ್ಕಿಂತ ಜೋರಾಗಿ ಓಡಿದರ ನಸುಕಿನ್ಯಾಗ ಮೂರಕ್ಕ ಇಳಿಸ್ತದ. ಯಾರಿಗೆ ಬೇಕು?" ಎನ್ನುತ್ತಿದ್ದರು. ಕರ್ಜತ್‌ನಲ್ಲಿ ಘಾಟು ಏರಲು ಹಿಂಬದಿಗೆ ಎಂಜಿನ್‌ಗಳನ್ನು ಜೋಡಿಸುವಾಗಿನ ಸಣ್ಣ ಕುಲುಕು, ಪುಣೆಯಲ್ಲಿ ಚಹಾ ಮಾರುವವರ ಕೂಗು, ದೌಂಡಿನಿಂದಾಚೆಯ ಕತ್ತಲು, ಕುರ್ಡುವಾಡಿ ದಾಟಿದ ಮೇಲೆ ಕಿಟಕಿಯಲ್ಲಿ ಮೂಡುವ ಜೋಳದ ಹೊಲಗಳು: ಇವೆಲ್ಲ ನಿದ್ದೆಯ ನಡುವೆಯೇ ನನಗೆ ಗುರುತು ಸಿಗುತ್ತಿದ್ದವು.

ಅದರ ಹೆಸರೂ ನನಗೆ ಹೆಮ್ಮೆಯದಾಗಿತ್ತು. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ, 'ಕಪಿಲಸಿದ್ಧಮಲ್ಲಿಕಾರ್ಜುನ' ಎಂಬ ಅಂಕಿತದಲ್ಲಿ ಕನ್ನಡದ ವಚನಗಳನ್ನು ಬರೆದ ಸಿದ್ಧರಾಮನ ಹೆಸರದು. ವಿ.ಟಿ.ಯಲ್ಲಿ ಮರಾಠಿ, ಹಿಂದಿ, ಇಂಗ್ಲಿಷುಗಳಲ್ಲಿ ಘೋಷಣೆಯಾಗುವಾಗಲೂ ನನ್ನ ಕಿವಿಗೆ ಕೇಳುತ್ತಿದ್ದುದು ಒಬ್ಬ ವಚನಕಾರನ ಹೆಸರು. ಡಬ್ಬಿಯೊಳಗೆ ಕಾಲಿಟ್ಟರೆ ದುಧನಿಯ ಆಡತಿಯವರು, ಪರೇಲಿನ ಆಸ್ಪತ್ರೆಗೆ ಬಂದು ಹೋಗುವ ರೋಗಿಗಳ ಮನೆಯವರು, ಮಗನ ಸಂಸಾರ ನೋಡಿಕೊಂಡು ಮರಳುವ ಅಜ್ಜಿಯರು ಆಗಲೇ ರೊಟ್ಟಿಯ ಗಂಟು ಬಿಚ್ಚಿರುತ್ತಿದ್ದರು. ದೀಪ ಆರುವವರೆಗೆ ಅಲ್ಲಿ ನಮ್ಮ ಸೀಮೆಯ ಕನ್ನಡವೇ ಕನ್ನಡ.

ಇನ್ನು ಅವ್ವನ ವಿಷಯ. ಅವ್ವ ಶಾಲೆಗೆ ಹೋದವಳಲ್ಲ. ಆದರೆ ಅವಳಲ್ಲಿ ಪದಗಳಿದ್ದವು. ಬೀಸುವ ಪದ, ಕುಟ್ಟುವ ಪದ, ಸಿದ್ಧರಾಮನ ಮೇಲಿನ ತ್ರಿಪದಿಗಳು. ಸೊಲ್ಲಾಪುರದವರೇ ಆದ ಜಯದೇವಿತಾಯಿ ಲಿಗಾಡೆಯವರು ಸಿದ್ಧರಾಮನ ಪುರಾಣವನ್ನು ತ್ರಿಪದಿಯಲ್ಲಿ ಬರೆದಾಗ ಇಂಥ ಹೆಣ್ಣುಮಕ್ಕಳ ಬಾಯಿಯ ಧಾಟಿ ಅವರ ಕಿವಿಯಲ್ಲಿದ್ದಿರಬೇಕು ಎಂದು ಅಪ್ಪ ಹೇಳುತ್ತಿದ್ದರು. ಊರಿಗೆ ಹಿಟ್ಟಿನ ಗಿರಣಿ ಬಂದು ಬೀಸುವ ಕಲ್ಲು ಮೂಲೆ ಸೇರಿತು, ಆದರೂ ಆ ಪದಗಳು ರಾತ್ರಿಯನ್ನು ಬಿಟ್ಟಿರಲಿಲ್ಲ. ಮುಸುರೆ ತಿಕ್ಕಿ, ದನಗಳಿಗೆ ಮೇವು ಹಾಕಿ, ಕೌದಿಯ ಮೇಲೆ ಮೈಚಾಚಿದ ಮೇಲೆ ಕತ್ತಲಿನಲ್ಲಿ ಅವಳು ಸಣ್ಣದಾಗಿ ಹೇಳಿಕೊಳ್ಳುತ್ತಿದ್ದಳು. ಚಿಕ್ಕಂದಿನಲ್ಲಿ ನಾನು ನಿದ್ದೆ ಹೋದದ್ದು ಅದನ್ನು ಕೇಳುತ್ತಲೇ.

ಅವುಗಳನ್ನು ಬರೆದಿಡಬೇಕು ಎಂಬ ಯೋಚನೆ ನನಗೆ ಬಂದದ್ದು 2006ರಲ್ಲಿ, ಅಪ್ಪ ತೀರಿಕೊಂಡ ಮೇಲೆ. ಒಂದು ರವಿವಾರ ಟೇಪ್ ರೆಕಾರ್ಡರ್ ಒಯ್ದು ಮಧ್ಯಾಹ್ನದ ಊಟವಾದ ಮೇಲೆ ಅವ್ವನ ಮುಂದಿಟ್ಟೆ. ಅವಳು ಎರಡು ಸಾಲು ಹೇಳಿ ನಿಂತಳು. ಮತ್ತೆ ಮೊದಲಿನಿಂದ ಹೇಳಿ ಮತ್ತೆ ಅಲ್ಲಿಯೇ ನಿಂತಳು. ಆಮೇಲೆ ನಕ್ಕು ಅಂದಳು: "ಹಗಲೊತ್ತಿನ್ಯಾಗ ಪದ ಬರೂದಿಲ್ಲಪಾ. ಒಂದು ರಾತ್ರಿ ಇರು, ಹೇಳ್ತೀನಿ."

ನಾನು ಇರಲಿಲ್ಲ. ಸೋಮವಾರ ಕೆಲಸವಿತ್ತು, ಹೋಗುವ ಟಿಕೆಟಿನ ಜೊತೆಗೇ ಬರುವ ಟಿಕೆಟು ಕಾಯ್ದಿರಿಸಿಯಾಗಿತ್ತು. ಮುಂದಿನ ಸಲ ಎಂದೆ. ಮುಂದಿನ ಸಲವೂ ಅದೇ ಆಯಿತು. ಟೇಪ್ ರೆಕಾರ್ಡರ್ ಹೋಗಿ ಮೊಬೈಲ್ ಬಂತು. ಅದನ್ನೂ ಹಗಲಿನಲ್ಲಿಯೇ ಅವಳ ಮುಂದೆ ಹಿಡಿದೆ. 2018ರ ದೀಪಾವಳಿಯ ನಂತರದ ಒಂದು ಸಂಜೆ ನಾನು ಚೀಲ ಹೆಗಲಿಗೇರಿಸುವಾಗ ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತು ಅಂದ ಮಾತು ಹೀಗಿತ್ತು: "ಇಪ್ಪತ್ತು ವರ್ಷ ಆತು, ನಿನ್ನ ನಿದ್ದಿ ಎಲ್ಲಾ ಆ ರೈಲಿಗೇ ಕೊಟ್ಟಿ. ಈ ಮನಿ ಏನ್ ಪಾಪ ಮಾಡಿತ್ತು?" ದನಿಯಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ಒಪ್ಪಿಸುವವಳಂತೆ ಹೇಳಿದಳು.

ಮರುವರ್ಷ ಮಳೆಗಾಲದಲ್ಲಿ, ಒಂದು ಬುಧವಾರದ ನಸುಕಿನಲ್ಲಿ, ಅವ್ವ ಹೋದಳು. ದಿನಕರ್ಮಗಳು ಮುಗಿಯುವವರೆಗೆ ನಾನು ಊರಲ್ಲಿಯೇ ಉಳಿದೆ. ಮೊದಲ ರಾತ್ರಿ ಪಡಸಾಲೆಯಲ್ಲಿ ಮಲಗಿದಾಗ ಮಾಡಿನ ಯಾವ ಗಳು ಯಾವ ಹೊತ್ತಿಗೆ ಸದ್ದು ಮಾಡುತ್ತದೆ ಎಂಬುದು ಕೂಡ ನನಗೆ ಮರೆತುಹೋಗಿತ್ತು. ಅಪ್ಪನ ಪಾಠ ನೆನಪಾಗಿ ಕತ್ತಲಿನಲ್ಲಿಯೇ ಲೆಕ್ಕ ಹಾಕಿದೆ. ವರ್ಷಕ್ಕೆ ಹತ್ತು ಸಲದಂತೆ 21 ವರ್ಷಕ್ಕೆ 210 ಭೇಟಿ. ಭೇಟಿಗೆ ಎರಡರಂತೆ ರೈಲಿನಲ್ಲಿ 420 ರಾತ್ರಿ. ಅಪ್ಪನ ಮರಣ, ತಮ್ಮನ ಮದುವೆ, ಅವ್ವನ ಕಣ್ಣಿನ ಶಸ್ತ್ರಚಿಕಿತ್ಸೆ ಎಲ್ಲ ಕೂಡಿಸಿದರೂ ಮನೆಯಲ್ಲಿ ಕಳೆದ ರಾತ್ರಿ 40 ದಾಟಲಿಲ್ಲ. ತಪ್ಪು ರೈಲಿನದಲ್ಲ, ಅದು ತನ್ನ ವೇಳೆಗೆ ಓಡಿತು. ಆ ಅನುಕೂಲವನ್ನು ನಾನು ಕರ್ತವ್ಯವೆಂದು ತಿಳಿದಿದ್ದೆ. ಕೆರೆ ತೋಡಿಸುವ ಕೆಲಸದಲ್ಲಿಯೇ ಮುಳುಗಿದ್ದ ಸಿದ್ಧರಾಮನನ್ನು ಅಲ್ಲಮಪ್ರಭು ಎಚ್ಚರಿಸಿ ಕಲ್ಯಾಣಕ್ಕೆ ಕರೆದೊಯ್ದ ಪ್ರಸಂಗ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಸಿದ್ಧರಾಮನ ಹೆಸರಿನ ಗಾಡಿಯಲ್ಲಿ ಅಷ್ಟು ವರ್ಷ ಓಡಾಡಿದವನಿಗೆ ಆ ಪ್ರಸಂಗ ಒಮ್ಮೆಯೂ ನೆನಪಾಗಿರಲಿಲ್ಲ.

ಪದಗಳು ಅವ್ವನೊಡನೆ ಹೋದವೆಂದೇ ನಾನು ತಿಳಿದಿದ್ದೆ. ಮುಂಬಯಿಗೆ ಮರಳಿದ ಕೆಲವು ದಿನಗಳ ಮೇಲೆ ನನ್ನ ಮಗಳು ಪಾತ್ರೆ ಒರೆಸುತ್ತ ಏನನ್ನೋ ಗುನುಗುತ್ತಿದ್ದಳು. ಕಿವಿಗೊಟ್ಟರೆ ಅವ್ವನ ಧಾಟಿ. ಪ್ರತಿ ಬೇಸಿಗೆಯಲ್ಲೂ ಹೆಂಡತಿ ಮಕ್ಕಳು ಊರಿನಲ್ಲಿ ಹದಿನೈದು ದಿನ ಇದ್ದುಬರುತ್ತಿದ್ದರು. ನಾನು ಬಿಟ್ಟುಬರಲು ಒಮ್ಮೆ, ಕರೆತರಲು ಒಮ್ಮೆ, ಎಂದಿನಂತೆ ಹಗಲಿನಲ್ಲಿ ಮಾತ್ರ ಇರುತ್ತಿದ್ದೆ. ಮಗಳು ಅಜ್ಜಿಯ ಪಕ್ಕದಲ್ಲಿ ಮಲಗುತ್ತಿದ್ದಳು. ಇಂಗ್ಲಿಷ್ ಶಾಲೆಯಲ್ಲಿ ಓದಿದ ಅವಳಿಗೆ ಕನ್ನಡ ಮಾತಾಡಲು ಬರುತ್ತದೆ, ಬರೆಯಲು ಬರುವುದಿಲ್ಲ. ನೆನಪಿದ್ದ ಹನ್ನೊಂದು ಪದಗಳನ್ನು ಅವಳು ದೇವನಾಗರಿಯಲ್ಲಿ ಬರೆದುಕೊಟ್ಟಳು. ಅವನ್ನು ನಾನು ಕನ್ನಡ ಲಿಪಿಗೆ ಇಳಿಸಿದೆ. ಅಕ್ಷರ ನನ್ನದು, ನೆನಪು ಅವಳದು. ನಡುವೆ ಅಲ್ಲಲ್ಲಿ ಸಾಲುಗಳು ಬಿಟ್ಟುಹೋಗಿವೆ, ಒಂದೆರಡು ಶಬ್ದಗಳ ಅರ್ಥ ನಮಗಿಬ್ಬರಿಗೂ ತಿಳಿಯದು.

2023ರ ಫೆಬ್ರವರಿ 10ರಂದು ಮುಂಬಯಿ–ಸೊಲ್ಲಾಪುರಗಳ ನಡುವೆ ವಂದೇ ಭಾರತ್ ರೈಲು ಆರಂಭವಾಯಿತು. ಮುಂಬಯಿಯನ್ನು ಸಂಜೆ ನಾಲ್ಕರ ಮೇಲೆ ಬಿಟ್ಟು ಆರೂವರೆ ತಾಸಿನಲ್ಲಿ, ರಾತ್ರಿ ಹತ್ತೂವರೆಯ ನಂತರ ಅದು ಸೊಲ್ಲಾಪುರ ತಲುಪುತ್ತದೆ. ಸಿದ್ಧೇಶ್ವರಕ್ಕಿಂತ ವೇಗ ಹೆಚ್ಚು, ಆದರೆ ನನ್ನಂಥವನ ಹಳೆಯ ಲೆಕ್ಕಕ್ಕೆ ಅದು ಒಗ್ಗುವುದಿಲ್ಲ. ಅರ್ಧ ದಿನದ ರಜೆ ಹಾಕಬೇಕು. ಅಷ್ಟು ಹೊತ್ತಿಗೆ ಇಳಿದರೆ ಊರಿನಲ್ಲಿ ಮಲಗಲೇಬೇಕು. ಈಗ ನಾನೂ ಮಗಳೂ ಅದರಲ್ಲಿಯೇ ಹೋಗುತ್ತೇವೆ. ನಾವು ಇಳಿಯುವ ಹೊತ್ತಿಗೆ ಸಿದ್ಧೇಶ್ವರದ ಪ್ರಯಾಣಿಕರು ಚೀಲ ಹೊತ್ತು ಮುಂಬಯಿಯತ್ತ ಹೊರಟಿರುತ್ತಾರೆ. ಅವರ ಆತುರ ನನಗೆ ಚೆನ್ನಾಗಿ ಗೊತ್ತು. ತಮ್ಮ ಜೀಪು ತಂದಿರುತ್ತಾನೆ, ಮನೆ ಮುಟ್ಟುವಾಗ ನಡುರಾತ್ರಿ.

ಮರುದಿನ ರಾತ್ರಿ ಊಟದ ನಂತರ ಅವ್ವನ ವಾರಿಗೆಯ, ಪಕ್ಕದ ಮನೆಯ ಮುದುಕಿಯೊಬ್ಬಳು ಬಂದು ಪಡಸಾಲೆಯಲ್ಲಿ ಕೂರುತ್ತಾಳೆ. ದೀಪ ಸಣ್ಣದು ಮಾಡಿಸುತ್ತಾಳೆ. ಮಗಳು ತನಗೆ ತಿಳಿದಷ್ಟನ್ನು ಹೇಳುತ್ತಾಳೆ, ಬಿಟ್ಟುಹೋದ ಸಾಲು ಬಂದಲ್ಲಿ ನಿಲ್ಲುತ್ತಾಳೆ, ಮುದುಕಿ ಅದನ್ನು ಎತ್ತಿಕೊಡುತ್ತಾಳೆ. ಹನ್ನೊಂದು ಪದಗಳಲ್ಲಿ ಏಳು ಈಗ ಪೂರ್ತಿಯಾಗಿವೆ. ಉಳಿದ ನಾಲ್ಕರ ಸಲುವಾಗಿ ಈ ಸಮ್ಮೇಳನ ಮುಗಿದ ಮರುವಾರಕ್ಕೆ ಟಿಕೆಟು ಕಾಯ್ದಿರಿಸಿದ್ದೇನೆ, ಹೋಗುವುದಕ್ಕೆ ಮಾತ್ರ.