ಅಜವಾನದ ಡಬ್ಬಿ ಮತ್ತು ಹೊಟ್ಟೆಯ ಹುಣ್ಣು

ನಮ್ಮ ಸಿಂಧನೂರು, ಮಸ್ಕಿ, ಲಿಂಗಸುಗೂರು ಭಾಗದಲ್ಲಿ ಹೊಟ್ಟೆ ಉರಿಯುತ್ತದೆ ಎಂದರೆ ಮೊದಲ ಅಪರಾಧಿ ಮಿರ್ಚಿ ಭಜಿ. ಮುಂಜಾನೆ ಒಗ್ಗರಣೆ-ಮಿರ್ಚಿ ತಿಂದವರು ಮಧ್ಯಾಹ್ನ ಹೊಟ್ಟೆ ಹಿಡಿದು ಕೂತರೆ ಹಿರಿಯರು ಮಿರ್ಚಿಗೆ ಬೈದು ಅಜವಾನದ ಡಬ್ಬಿ ತೆಗೆಯುತ್ತಾರೆ. ಒಂದು ಚಿಟಿಕೆ ಅಜವಾನ, ಎರಡು ಹರಳು ಉಪ್ಪು, ಮೇಲೆ ಬಿಸಿನೀರು. ಊಟವಾದ ಮೇಲೆ ಬಡೇಸೋಪು, ಹಲ್ಲುನೋವಿಗೆ ಲವಂಗ. ಹಿಂದೂಗಳ ಮನೆಯಾಗಲಿ ಮುಸ್ಲಿಮರ ಮನೆಯಾಗಲಿ, ಈ ಡಬ್ಬಿಯಲ್ಲಿ ಭೇದವಿಲ್ಲ. ನಮ್ಮಲ್ಲಿ ಕಲೋಂಜಿ ಒಂದು ಹೆಚ್ಚು, ಅಷ್ಟೆ.

ಈ ಡಬ್ಬಿಯನ್ನು ನಾವು ಹಗುರವಾಗಿ ಕಾಣುವವರಲ್ಲ. ಅಜವಾನವನ್ನು ಅಂಗೈಯಲ್ಲಿ ತಿಕ್ಕಿದಾಗ ಮೂಗಿಗೆ ಹೊಡೆಯುವ ಘಾಟು ಅದರೊಳಗಿನ ಸುಗಂಧ ತೈಲದ್ದು. ಕಾಳಿನ ತೂಕದಲ್ಲಿ ಅದು ಸುಮಾರು ಶೇ. 2ರಿಂದ 4, ಅದರಲ್ಲಿ ದೊಡ್ಡ ಪಾಲು ಥೈಮಾಲ್ ಎಂಬ ವಸ್ತು. ಲವಂಗದಲ್ಲಿ ಯೂಜಿನಾಲ್, ನಿಂಬೆ ಸಿಪ್ಪೆಯಲ್ಲಿ ಲಿಮೊನೀನ್, ಕಲೋಂಜಿಯಲ್ಲಿ ಥೈಮೊಕ್ವಿನೋನ್. ಪ್ರಯೋಗಾಲಯದಲ್ಲಿ ಇಲಿಗಳಿಗೆ ಇವನ್ನು ಮೊದಲು ಕೊಟ್ಟು, ಆಮೇಲೆ ಮದ್ಯಸಾರವನ್ನೋ ನೋವಿನ ಔಷಧಿಯನ್ನೋ ಕೊಟ್ಟು ನೋಡಿದ್ದಾರೆ. ಹೊಟ್ಟೆಯ ಒಳಗೋಡೆಯ ಹುಣ್ಣು ಕಡಿಮೆಯಾದದ್ದು ಕಂಡಿದೆ. ಗೋಡೆಯನ್ನು ಕಾಯುವ ಲೋಳೆ ಹೆಚ್ಚಾದದ್ದೂ ಉಂಟು. ಅಜ್ಜಿಯರ ಮಾತಿನಲ್ಲಿ ಹುರುಳಿದೆ. ಆದರೆ ಇಲಿಯ ಹೊಟ್ಟೆಯಿಂದ ಮನುಷ್ಯರ ಹೊಟ್ಟೆಗೆ ದಾರಿ ದೂರ.

ಕೆಲ ವರ್ಷಗಳ ಹಿಂದೆ ನಮ್ಮ ಓಣಿಯ ಹಿರಿಯಳೊಬ್ಬಳಿಗೆ ತಲೆಸುತ್ತು ಬಂದು ಆಸ್ಪತ್ರೆಗೆ ಕರೆದೊಯ್ದೆವು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಿಟ್ಟಾಗ ಭತ್ತದ ನಾಟಿಗೆ ಹೋಗುವವಳು. ಇಡೀ ದಿನ ಕೆಸರಿನಲ್ಲಿ ಬಗ್ಗಿ ನಿಂತರೆ ಸೊಂಟ ಉಳಿಯುವುದಿಲ್ಲ. ಸಂಜೆ ಅಂಗಡಿಯಿಂದ ಎರಡು ನೋವಿನ ಗುಳಿಗೆ, ಅದರ ಉರಿಗೆ ಅಜವಾನ.

“ಯಮ್ಮಾ, ಸಂಡಾಸ ಡಾಂಬರಿನಂಗ ಕರ್ರಗ ಹೋಗ್ತೈತೇನು?” ಎಂದು ಡಾಕ್ಟರು ಕೇಳಿದರು.

“ಹೌದ್ರೀ, ಹದಿನೈದು ದಿನ ಆತು. ಅಜವಾನ ತಿನ್ನಾಕತ್ತೀನಲ್ಲ, ನೋವು ಹಗರ ಐತ್ರೀ.”

ನೋವು ಹಗುರವಾಗಿತ್ತು, ಹುಣ್ಣಿನಿಂದ ರಕ್ತ ಒಸರುತ್ತಲೇ ಇತ್ತು. ಎರಡು ಬಾಟಲಿ ರಕ್ತ ಏರಿಸಬೇಕಾಯಿತು. ಡೈಕ್ಲೋಫೆನಾಕ್, ಐಬುಪ್ರೊಫೇನ್‌ಗಳಂಥ ಗುಳಿಗೆಗಳು ನೋವನ್ನು ತಗ್ಗಿಸುವಾಗಲೇ, ಹೊಟ್ಟೆಯ ಲೋಳೆಯನ್ನು ಕಾಪಾಡುವ ಪ್ರೋಸ್ಟಾಗ್ಲಾಂಡಿನ್‌ಗಳನ್ನೂ ತಗ್ಗಿಸುತ್ತವೆ. ಖಾಲಿ ಹೊಟ್ಟೆಯಲ್ಲಿ ನುಂಗಬಾರದು ಎನ್ನುವುದು ಎಲ್ಲರಿಗೂ ಗೊತ್ತು. ಉಂಡು ನುಂಗಿದರೂ ಅಪಾಯ ತಪ್ಪದು ಎನ್ನುವುದು ಗೊತ್ತಿಲ್ಲ.

ಇನ್ನೊಂದು ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ರೋಗಾಣು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಇದನ್ನು ಹೇಳಿದಾಗ ಹೆಚ್ಚಿನವರು ನಂಬಲಿಲ್ಲ. 1984ರಲ್ಲಿ ಆತ ಆ ರೋಗಾಣುವನ್ನು ತಾನೇ ಕುಡಿದು ಹೊಟ್ಟೆಯ ಉರಿಯೂತ ಬರಿಸಿಕೊಂಡ! 2005ರಲ್ಲಿ ಆತನಿಗೂ ಜೊತೆಗಾರ ರಾಬಿನ್ ವಾರೆನ್‌ಗೂ ನೊಬೆಲ್ ಬಂತು. ಪಾಪ, ಮಿರ್ಚಿ ಮಾತ್ರ ಇಂದಿಗೂ ಬೈಗುಳ ತಿನ್ನುತ್ತಿದೆ. ಅದು ಉರಿಯನ್ನು ಹೆಚ್ಚಿಸಬಹುದು, ಹುಣ್ಣಿನ ಮೂಲ ಅದಲ್ಲ. ರೋಗಾಣು ಇದೆಯೇ ಎಂದು ಉಸಿರು ಅಥವಾ ಮಲದ ಪರೀಕ್ಷೆಯಿಂದ ತಿಳಿಯುತ್ತದೆ. ಇದ್ದರೆ ಸಾಮಾನ್ಯವಾಗಿ 14 ದಿನಗಳ ಚಿಕಿತ್ಸೆ. ಸುಗಂಧ ತೈಲಗಳು ಗಾಜಿನ ತಟ್ಟೆಯಲ್ಲಿ ಇದನ್ನು ಕೊಂದಿರಬಹುದು, ಹೊಟ್ಟೆಯೊಳಗೆ ಆ ಕೆಲಸವನ್ನು ಅವುಗಳಿಗೇ ಬಿಡುವಂತಿಲ್ಲ.

ಕಲೋಂಜಿಯ ಬಗ್ಗೆ ಹೇಳಿದರೆ ಕೆಲವರಿಗೆ ಬೇಸರವಾಗುತ್ತದೆ. ಪ್ರವಾದಿಯವರು(ಸ) ಅದನ್ನು ಹೊಗಳಿದ್ದಾರೆ, ನಿಜ. ಚಿಕಿತ್ಸೆ ಪಡೆಯಿರಿ ಎಂದವರೂ ಅವರೇ ಅಲ್ಲವೇ?

ಅಂಗಡಿಯಲ್ಲಿ ಸಿಗುವ ಶುದ್ಧ ತೈಲದ ಶೀಶೆಯ ಮಾತು ಬೇರೆ. ಕಾಳು ಅಗಿಯುವುದಕ್ಕೂ ಅದರ ತೈಲವನ್ನು ಹಾಗೇ ನುಂಗುವುದಕ್ಕೂ ಅಜಗಜಾಂತರ. ಲವಂಗದ ಎಣ್ಣೆ ಕುಡಿದ ಪುಟ್ಟ ಮಕ್ಕಳ ಯಕೃತ್ತು ಕೆಟ್ಟ ಉದಾಹರಣೆಗಳಿವೆ. ಪುದೀನ ತೈಲ ಕೆಲವರ ಎದೆಯುರಿಯನ್ನೇ ಹೆಚ್ಚಿಸುತ್ತದೆ.

ನಮ್ಮ ಓಣಿಯ ಆ ತಾಯಿ ಈಗ ನಾಟಿಗೆ ಹೋಗುವುದಿಲ್ಲ, ಆಕೆಯ ಸೊಸೆ ಹೋಗುತ್ತಾಳೆ. ಆಕೆಯ ಸೆರಗಿನ ಗಂಟಿನಲ್ಲೂ ಅದೇ ಗುಳಿಗೆ ಕಂಡೆವು.