ಸಿಲ್ವಿಯಾಳ ಮಕ್ಕಳು

ನಮ್ಮ ಕಡೆ ಮಗು ಹುಟ್ಟಿತೆಂದರೆ ತಾಯಿಯ ಸ್ವಂತ ಹೆಸರು ಮೂಲೆ ಸೇರಿತೆಂದೇ ಲೆಕ್ಕ. ಶಾರದಮ್ಮ ಹೋಗಿ ಪುಟ್ಟಣ್ಣನ ಅಮ್ಮ ಆಗುತ್ತಾಳೆ. ಹಾಲಿನವನೂ ಹಾಗೇ ಕರೆಯುತ್ತಾನೆ. ಆಕಾಶದಲ್ಲಿ ಒಬ್ಬಳ ವಿಷಯ ಮಾತ್ರ ಹಿಂದುಮುಂದಾಗಿದೆ. ಅವಳಿಗೆ 1866ರಲ್ಲೇ ಅವಳಿ ಮಕ್ಕಳ ತಾಯಿಯ ಹೆಸರಿಟ್ಟರು. ಮಕ್ಕಳ ಸುಳಿವು ಸಿಗಲು 135 ವರ್ಷ ಹಿಡಿಯಿತು.

ಅವಳು 87 ಸಿಲ್ವಿಯಾ, ಮಂಗಳ ಮತ್ತು ಗುರುವಿನ ನಡುವಿನ ಕ್ಷುದ್ರಗ್ರಹ ಪಟ್ಟಿಯ ಹೊರ ಅಂಚಿನವಳು. ಸೂರ್ಯನಿಂದ ನಾವಿರುವ ದೂರದ ಸುಮಾರು ಮೂರೂವರೆ ಪಟ್ಟು ದೂರದಲ್ಲಿ, ಆರೂವರೆ ವರ್ಷಕ್ಕೊಂದು ಪ್ರದಕ್ಷಿಣೆ ಮುಗಿಸುತ್ತಾಳೆ. ಅವಳು ಕಣ್ಣಿಗೆ ಬಿದ್ದದ್ದು ಮದರಾಸಿನ ನುಂಗಂಬಾಕ್ಕಂನಲ್ಲಿದ್ದ ವೀಕ್ಷಣಾಲಯದಲ್ಲಿ, ಮೇ 16ರಂದು. ಮದರಾಸಿನ ಮೇ ತಿಂಗಳು! ರಾತ್ರಿಯೂ ಗೋಡೆಗಳು ಬಿಸಿಯುಸಿರು ಬಿಡುವ ಕಾಲ. ಅಂಥದ್ದರಲ್ಲಿ ನಾರ್ಮನ್ ಪಾಗ್ಸನ್ ಸಾಹೇಬರು ದೂರದರ್ಶಕಕ್ಕೆ ಕಣ್ಣಿಟ್ಟು ಕೂತಿದ್ದರು. ಛಾಯಾಚಿತ್ರದಲ್ಲಿ ಕ್ಷುದ್ರಗ್ರಹ ಹಿಡಿಯುವ ವಿದ್ಯೆ ಬಂದದ್ದು 1891ರಲ್ಲಿ, ಸಾಹೇಬರು ತೀರಿಕೊಂಡ ವರ್ಷ. ಅಲ್ಲಿಯವರೆಗೆ ಎಲ್ಲ ಕಣ್ಣು ಮತ್ತು ಕಾಗದದ ಕೆಲಸ. ಆಕಾಶದ ಒಂದು ತುಣುಕಿನ ನಕ್ಷೆ ಎದುರಿಗಿಟ್ಟುಕೊಳ್ಳಬೇಕು, ಅದರಲ್ಲಿಲ್ಲದ ಚುಕ್ಕಿ ಕಂಡರೆ ಗುರುತು ಹಾಕಬೇಕು, ಮಾರನೆಯ ರಾತ್ರಿ ಅದು ಜಾಗ ಬಿಟ್ಟು ಕದಲಿದೆಯೇ ನೋಡಬೇಕು. ಕದಲದಿದ್ದರೆ ಅದು ಬರೀ ನಕ್ಷತ್ರ. ನಕ್ಷತ್ರಕ್ಕೆ 'ಬರೀ' ಅನ್ನುವ ಜನ ಇವರೊಬ್ಬರೇ ಇರಬೇಕು.

1861ರಲ್ಲಿ ಇಲ್ಲಿಂದಲೇ ಕಂಡ ಇನ್ನೊಂದಕ್ಕೆ ಸಾಹೇಬರು ಏಷ್ಯಾ ಎಂದು ಹೆಸರಿಟ್ಟಿದ್ದರು, ಈ ಖಂಡದಲ್ಲಿ ಸಿಕ್ಕ ಮೊದಲನೆಯದೆಂದು. ನೇರ ಹೆಸರು, ಆದರೆ ಕೊಂಚ ಸಪ್ಪೆ. ಈ ಸಲ ರೋಮಿನ ಪುರಾಣಕ್ಕೆ ಕೈಹಾಕಿದರು. ರಿಯಾ ಸಿಲ್ವಿಯಾ ಎಂದರೆ ರೋಮ್ ಕಟ್ಟಿದ ರೋಮುಲಸ್ ಮತ್ತು ಅವನ ಅವಳಿ ರೆಮಸ್‌ನ ತಾಯಿ. ಹಸುಗೂಸುಗಳನ್ನು ಹೊಳೆಗೆ ಬಿಟ್ಟರು, ಹೆಣ್ಣು ತೋಳವೊಂದು ಹಾಲೂಡಿತು. ಕರ್ಣನನ್ನು ಬಲ್ಲ ನಮಗೆ ಹೊಳೆಯ ಭಾಗ ಹೊಸದೇನಲ್ಲ. ಕ್ಷುದ್ರಗ್ರಹಕ್ಕಿಟ್ಟದ್ದು ಫ್ರಾನ್ಸಿನ ಖಗೋಳ ಲೇಖಕ ಫ್ಲಾಮರಿಯೋನ್ ಅವರ ಹೆಂಡತಿ ಸಿಲ್ವಿಯ ಹೆಸರು ಎಂಬ ಮಾತೂ ಪುಸ್ತಕವೊಂದಕ್ಕೆ ಹೊಕ್ಕುಬಿಟ್ಟಿದೆ. ಆ ದಂಪತಿಯ ಮದುವೆ ನಡೆದದ್ದೇ 1874ರಲ್ಲಿ!

2001ರ ಫೆಬ್ರವರಿಯಲ್ಲಿ ಹವಾಯಿಯ ಕೆಕ್ ದೂರದರ್ಶಕದಲ್ಲಿ ಮೈಕೆಲ್ ಬ್ರೌನ್ (ಪ್ಲೂಟೊನ ಗ್ರಹಪದವಿಗೆ ಮುಂದೆ ಸಂಚಕಾರ ತಂದವರು ಇವರೇ) ಮತ್ತು ಜಾನ್-ಲುಕ್ ಮಾರ್ಗೋ ಸಿಲ್ವಿಯಾಳ ಪಕ್ಕದಲ್ಲೊಂದು ಪುಟ್ಟ ಚಂದ್ರನನ್ನು ಕಂಡರು. 2004ರಲ್ಲಿ ಚಿಲಿಯಿಂದ ನೋಡಿದ ಫ್ರಾಂಕ್ ಮಾರ್ಶಿಸ್ ತಂಡಕ್ಕೆ ಎರಡನೆಯದೂ ಸಿಕ್ಕಿತು. ಎರಡು ಚಂದ್ರರಿರುವ ಕ್ಷುದ್ರಗ್ರಹ ಆವರೆಗೆ ಯಾರಿಗೂ ಗೊತ್ತಿರಲಿಲ್ಲ. ಹೆಸರಿಗಾಗಿ ತಲೆ ಕೆಡಿಸಿಕೊಳ್ಳುವ ಅಗತ್ಯವೇ ಬೀಳಲಿಲ್ಲ. ದೊಡ್ಡವನು ರೋಮುಲಸ್, ಸುಮಾರು 1,350 ಕಿ.ಮೀ. ದೂರದಲ್ಲಿ ಸುತ್ತುತ್ತಾನೆ. ಕಥೆಯಲ್ಲಿ ಅಣ್ಣತಮ್ಮಂದಿರ ಜಗಳದಲ್ಲಿ ಪ್ರಾಣ ಬಿಟ್ಟ ರೆಮಸ್ ಇಲ್ಲೂ ಚಿಕ್ಕವನೇ, 700 ಕಿ.ಮೀ. ಆಸುಪಾಸಿನಲ್ಲಿ ಅಮ್ಮನ ಸೆರಗು ಬಿಡದವನು. ಇವರ ಸುತ್ತಾಟದ ಲೆಕ್ಕದಿಂದಲೇ ಅಮ್ಮನ ತೂಕ ತಿಳಿಯಿತು. 250 ಕಿ.ಮೀ.ಗೂ ಮಿಕ್ಕ ಆ ಮೈ ನೀರಿಗಿಂತ ತುಸುವೇ ಸಾಂದ್ರ. ಅಂದರೆ ಒಳಗೆಲ್ಲ ಸಂದುಗೊಂದುಗಳಿರುವ ಕಲ್ಲುರಾಶಿ. ಹಿಂದೆಂದೋ ಡಿಕ್ಕಿಯಲ್ಲಿ ಒಡೆದು ಮತ್ತೆ ಕೂಡಿಕೊಂಡದ್ದು, ಮಕ್ಕಳೂ ಆ ಚೂರುಗಳೇ ಎಂದು ಬಲ್ಲವರ ಅಂದಾಜು.

ಹೆಸರಿಡುವುದರಲ್ಲಿ ಸಾಹೇಬರ ಅದೃಷ್ಟ ಇಲ್ಲಿಗೇ ನಿಂತಿತು. 1868ರಲ್ಲಿ ಮದರಾಸಿನಿಂದಲೇ ಅದೇ ಹೊರ ಅಂಚಿನಲ್ಲಿ ಅವರು ಕಂಡ 107 ಕ್ಯಾಮಿಲ್ಲಾಳ ಸುತ್ತಲೂ ಈಗ ಎರಡು ಚಂದ್ರರು ಸಿಕ್ಕಿದ್ದಾರೆ. ಆದರೆ ಪುರಾಣದ ಕ್ಯಾಮಿಲ್ಲಾ ಮದುವೆಯೇ ಬೇಡವೆಂದು ಕತ್ತಿ ಹಿಡಿದ ಯೋಧೆ.